ಗೇಜಿನ ಕೋಣೆ

ನನ್ನ ಗುರುಗಳೆಂದು ನಾನು ಸ್ಮರಿಸಬೇಕಾದವರು ಹಲವರಿದ್ದಾರಾದರೂ, ಏನನ್ನೂ ಬಾಯಿಬಿಟ್ಟು ಹೇಳಿಕೊಡದೆಯೇ ಉಳಿದವರೆಲ್ಲರಿಗಿಂತ ಹೆಚ್ಚಾಗಿ ಕಲಿಸಿದವರು ಒಬ್ಬರೇ. ಅವರು ರೈಲ್ವೆ ಕಾರ್ಖಾನೆಯೊಂದರಲ್ಲಿ ಉಗಿ ಇಂಜಿನ್ನುಗಳ ಪ್ರೆಷರ್ ಗೇಜುಗಳನ್ನು ಪರೀಕ್ಷಿಸಿ ಸರಿಪಡಿಸುತ್ತಿದ್ದ ಹಿರಿಯ ಫಿಟ್ಟರು. ಕಾರ್ಖಾನೆಯ ಹೆಸರು ಇಲ್ಲಿ ಅಪ್ರಸ್ತುತ. ಆ ಕಾಲದ ದಕ್ಷಿಣದೇಶದಲ್ಲಿ ಅಂಥವು ಹಲವಿದ್ದುವು. ಅವರು ಗತಿಸಿ ಬಹುಕಾಲ ಸಂದಿದೆ. ಹೀಗಿರಲಾಗಿ, ಕಳೆದ ಚಳಿಗಾಲದಲ್ಲಿ ಅವರ ಮೊಮ್ಮಗನೆಂದು ಹೇಳಿಕೊಂಡ ತರುಣನೊಬ್ಬನು ಬೆಂಗಳೂರಿನಿಂದ ಮೈಸೂರಿನ ನಮ್ಮ ಮನೆಗೆ ಬಂದು, ಹಳೆಯ ಪಂಚೆಯಲ್ಲಿ ಸುತ್ತಿದ್ದ ಭಾರವಾದ ವಸ್ತುವೊಂದನ್ನು ಜಗಲಿಯ ಮೇಲಿಳಿಸಿ, ಬಟ್ಟೆಯನ್ನು ಬಿಚ್ಚಿದನು. ಒಳಗಿದ್ದುದು ಉಗಿಯಿಂದಲೇ ಓಡತಕ್ಕ ಒಂದು ಪುಟ್ಟ ಇಂಜಿನ್ನು. ನಮ್ಮ ಮೇಸ್ತ್ರಿಗಳು ನಿವೃತ್ತರಾಗುವುದಕ್ಕೆ ಮೊದಲೇ ಆರಂಭಿಸಿ, ಅನಂತರ ಮನೆಯ ಹಿತ್ತಿಲಿನಲ್ಲಿ ಕೂತು ವರ್ಷಾನುಗಟ್ಟಲೆ ಅರ ಹಾಕಿ ಮುಗಿಸಿದ್ದಂತೆ. ಅಂಥದೊಂದನ್ನು ಅವರು ಮಾಡುತ್ತಿದ್ದರೆಂಬ ಸುಳಿವು ಕೂಡ ನಮಗಾರಿಗೂ ಇರಲಿಲ್ಲ. ಅವರ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಇಂಜಿನ್ನಿನ ವಂಶವನ್ನು ಗುರುತಿಸುವುದು ನನಗೆ ಕಷ್ಟವಾಗಲಿಲ್ಲ. ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ ಎಂಬಾತನು ೧೮೯೮ರಲ್ಲಿ ಆರಂಭಿಸಿದ 'ಮಾಡೆಲ್ ಇಂಜಿನಿಯರ್' ಎಂಬ ಪತ್ರಿಕೆಯೊಂದುಂಟು. ಅದರಲ್ಲಿ ತಾನು ಹಿಂದೆ ದುಡಿದ ರೈಲ್ವೆಯ ಮೊದಲಕ್ಷರಗಳನ್ನೇ ಅಂಕಿತವಾಗಿಟ್ಟುಕೊಂಡು ಎಲ್. ಬಿ. ಎಸ್. ಸಿ. ಎಂಬ ಹೆಸರಿನಲ್ಲಿ ದಶಕಗಳ ಕಾಲ ಬರೆದ ಲೇಖಕನು, ಕೈಯಲ್ಲಿ ಸಣ್ಣದೊಂದು ಲೇತು ಇದ್ದ ಯಾವ ಸಾಮಾನ್ಯ ಗೃಹಸ್ಥನಾದರೂ ಮಾಡಿಕೊಳ್ಳಬಹುದಾದ ಉಗಿ ಇಂಜಿನ್ನುಗಳ ನಕ್ಷೆಗಳನ್ನು ಒಂದಾದ ಮೇಲೊಂದರಂತೆ ಪ್ರಕಟಿಸಿದನು. ಅವುಗಳಲ್ಲಿ 'ಟಿಚ್' ಎಂಬುದು ನಾಲ್ಕೇ ಗಾಲಿಗಳ, ನೀರಿನ ತೊಟ್ಟಿಯನ್ನು ತನ್ನ ಮೈಮೇಲೆಯೇ ಹೊತ್ತ ಅತಿ ಸಣ್ಣ ಇಂಜಿನ್ನು. ಅದು ೩½ ಅಂಗುಲದ ಹಳಿಯ ಮೇಲೆ ಓಡುತ್ತದೆ. ಎಂದರೆ ಇಂಗ್ಲೆಂಡಿನ ರೈಲುಹಳಿಯ ಅಗಲದಲ್ಲಿ ಹದಿನಾರನೆಯ ಒಂದು ಪಾಲು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕೊಂಡ ಆ ಪತ್ರಿಕೆಯ ಸಂಚಿಕೆಗಳು ಅಜ್ಜನ ಪೆಟ್ಟಿಗೆಯಲ್ಲಿ ಈಗಲೂ ಇವೆಯೆಂದು ಹುಡುಗ ಹೇಳಿದನು. ಇಂಗ್ಲಿಷನ್ನು ಕಷ್ಟಪಟ್ಟು ಓದುತ್ತಿದ್ದ ಅವರು ನಕ್ಷೆಗಳನ್ನಾದರೋ ನಿರರ್ಗಳವಾಗಿ ಓದುತ್ತಿದ್ದರು. ಬಾಯ್ಲರು ತಾಮ್ರದ್ದು, ಬೆಳ್ಳಿಬೆಸುಗೆಯದು. ಅದಕ್ಕಾಗಿ ಬಚ್ಚಲುಮನೆಯ ಹಂಡೆಯನ್ನೇ ಕತ್ತರಿಸಿದರೆಂದು ಅಜ್ಜಿ ಕೊನೆಯವರೆಗೂ ಆಪಾದಿಸುತ್ತಿದ್ದರಂತೆ. ನಾನು ನೋಡಿದಮಟ್ಟಿಗೆ ಹಂಡೆಯ ತಾಮ್ರ ಬೂದಿತಟ್ಟೆಗೆ ಮಾತ್ರ ಸಂದಿತ್ತು.

ಹುಡುಗನ ಅಹವಾಲು ಗೇಜನ್ನು ಕುರಿತದ್ದು. ನೀರಿಲ್ಲದ, ಬೆಂಕಿಯಿಲ್ಲದ, ತಣ್ಣಗೆ ಕೂತಿದ್ದ ಬಾಯ್ಲರಿನ ಮೇಲೆ ಮುಳ್ಳು ಚದರ ಅಂಗುಲಕ್ಕೆ ೨೦ ಪೌಂಡು ತೋರಿಸುತ್ತಿತ್ತು. ಬಹುಕಾಲ ಅಟ್ಟದ ಮೇಲಿದ್ದ ಇಂಜಿನ್ನನ್ನು ಮತ್ತೆ ಓಡಿಸಬೇಕೆಂಬ ಉತ್ಸಾಹದಿಂದ ಅವನೂ ಅವನ ಗೆಳೆಯರೂ ಮೊದಲು ಬಾಯ್ಲರನ್ನು ಪರೀಕ್ಷಿಸಿದ್ದರು, ಮತ್ತು ಅಷ್ಟರಮಟ್ಟಿಗೆ ವಿವೇಕಿಗಳಾಗಿಯೇ ವರ್ತಿಸಿದ್ದರು. ಒಂದಿಷ್ಟೂ ಗಾಳಿ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡವೇರಿಸುವುದೇ ಅದರ ಸರಿಯಾದ ಕ್ರಮ, ಏಕೆಂದರೆ ಉಗಿಯಂತೆ ನೀರು ಹಿಗ್ಗುವುದಿಲ್ಲವಾದ್ದರಿಂದ ಬಾಯ್ಲರು ಬಿರಿದರೂ ಸ್ಫೋಟವಾಗದೆ ನೆಲ ಒದ್ದೆಯಾಗುವುದರಲ್ಲಿ ಪರ್ಯವಸಾನವಾಗುತ್ತದೆ. ೮೦ ಪೌಂಡಿಗೆ ಕೆಲಸ ಮಾಡುವ ಬಾಯ್ಲರಿಗೆ ಅದರ ಎರಡರಷ್ಟು, ಎಂದರೆ ೧೬೦ ಪೌಂಡು, ಕೊಟ್ಟಿದ್ದರು. ಹೊಸ ಬಾಯ್ಲರಿಗಾದರೆ ಇಂಗ್ಲೆಂಡಿನ ಹವ್ಯಾಸಿ ಸಂಘಗಳ ಪದ್ಧತಿಯೂ ಅದೇ. ಹಳೆಯದಕ್ಕೆ ಒಂದೂವರೆಯಷ್ಟು ಸಾಕು. ಬಾಯ್ಲರೇನೋ ಗಂಭೀರವಾಗಿ ತಡೆದುಕೊಂಡಿತು. ಆದರೆ ೧೨೦ರವರೆಗೆ ಮಾತ್ರ ಗೆರೆಗಳಿದ್ದ ಗೇಜನ್ನು ಬಿಚ್ಚಿಡದೆ ಅದರ ಸ್ಥಾನದಲ್ಲೇ ಬಿಟ್ಟಿದ್ದರು.

ಈ ಗೇಜಿನ ಒಡಲಿನಲ್ಲಿ ಏನಿದೆಯೆಂಬುದನ್ನು ಕಂಡವರು ಕಡಮೆ. ಪ್ಯಾರಿಸಿನ ಯೂಜೀನ್ ಬೂರ್ದೋನ್ ಎಂಬ ಯಂತ್ರಜ್ಞನು ೧೮೪೯ರಲ್ಲಿ ಹಕ್ಕುಪತ್ರ ಪಡೆದ ಉಪಾಯವದು. ದುಂಡಾಗಿರದೆ ಚಪ್ಪಟೆಯಾಗಿ ಒತ್ತಿದ ಹಿತ್ತಾಳೆಯ ಅಥವಾ ಕಂಚಿನ ಕೊಳವೆಯೊಂದನ್ನು ಬಳೆಯಾಕಾರದಲ್ಲಿ ಬಾಗಿಸಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡವನ್ನು ಒಳಕ್ಕೆ ಬಿಟ್ಟರೆ, ಚಪ್ಪಟೆಯಾದದ್ದು ದುಂಡಾಗಲು ಹವಣಿಸಿ, ಆ ಹವಣಿಕೆಯಲ್ಲಿ ಇಡೀ ಕೊಳವೆ ಸ್ವಲ್ಪ ನೆಟ್ಟಗಾಗುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ, ಉಸಿರು ಹೊಕ್ಕಾಗ ಸುರುಳಿ ಬಿಚ್ಚಿಕೊಂಡು ಮುಂದಕ್ಕೆ ಚಾಚುವ ಕಾಗದದ ಪೀಪಿಯ ನೀತಿಯೇ ಇಲ್ಲಿಯದೂ. ಮುಚ್ಚಿದ ತುದಿಯ ಅತ್ಯಲ್ಪ ಚಲನೆಯನ್ನು ಒಂದು ಕಡ್ಡಿ, ಒಂದು ಹಲ್ಲಿನ ಕಮಾನು, ಒಂದು ಪುಟ್ಟ ಹಲ್ಲುಚಕ್ರ ಇವು ಹಿಗ್ಗಿಸಿ ಮುಳ್ಳಿಗೆ ತಲುಪಿಸುತ್ತವೆ; ಕೂದಲೆಳೆಯಂಥ ಸ್ಪ್ರಿಂಗೊಂದು ಹಲ್ಲುಗಳ ನಡುವಣ ಸಡಿಲವನ್ನು ಹೀರಿಕೊಳ್ಳುತ್ತದೆ. ಲೋಹವು ತನ್ನ ಸ್ಥಿತಿಸ್ಥಾಪಕತೆಯ ಎಲ್ಲೆಯೊಳಗೆ ಇರುವತನಕ ಎಷ್ಟು ಸಲ ನೆಟ್ಟಗಾದರೂ ಅಷ್ಟೇ ಸಲ ಹಿಂತಿರುಗುತ್ತದೆ. ಎಲ್ಲೆ ಮೀರಿತೋ, ಪೂರ್ತಿ ಹಿಂತಿರುಗುವುದಿಲ್ಲ. ಹುಡುಗ ತಂದ ಗೇಜಿನಲ್ಲಿ ಆದದ್ದು ಇದೇ.

ಇದೆಲ್ಲವನ್ನೂ ಅವನಿಗೆ ವಿವರಿಸಲು ನನಗೆ ಹಿಡಿದ ಕಾಲ ಒಂದು ಲೋಟ ಕಾಫಿ ಆರುವಷ್ಟು. ಇಷ್ಟನ್ನೇ ತಿಳಿಯುವುದಕ್ಕೆ ಅವನ ಅಜ್ಜನ ಕೈಕೆಳಗೆ ನನಗೆ ವರ್ಷಗಳು ಹಿಡಿದುವು.

ನಾನು ಕಾರ್ಖಾನೆಗೆ ಕಲಿಕೆಯ ಹುಡುಗನಾಗಿ ಸೇರಿದ್ದು ಪೌಂಡು ಹೋಗಿ ಕಿಲೋಗ್ರಾಂ ಬರುತ್ತಿದ್ದ ಕಾಲದಲ್ಲಿ. ಮೈಸೂರು ಸಂಸ್ಥಾನದ ರೈಲು, ಮದರಾಸು ಮತ್ತು ದಕ್ಷಿಣ ಮರಾಠಾ ರೈಲು, ಸೌತ್ ಇಂಡಿಯನ್ ರೈಲು ಈ ಮೂರೂ ೧೯೫೧ರ ಏಪ್ರಿಲ್ ೧೪ರಂದು ಒಂದಾಗಿ ದಕ್ಷಿಣ ರೈಲ್ವೆಯಾದುವಷ್ಟೆ. ನಮ್ಮ ಮೇಸ್ತ್ರಿಗಳು ಅದಕ್ಕೆ ಬಹುಮುಂಚೆ ಕೆಲಸಕ್ಕೆ ಸೇರಿದವರಾದ್ದರಿಂದ, ಹೊಸ ಆಡಳಿತದ ಆಜ್ಞೆಗಳನ್ನೆಲ್ಲ ಬಾಡಿಗೆದಾರನು ಮಾಡಿದ ಮಾರ್ಪಾಡುಗಳಂತೆ ಸಹನೆಯಿಂದ ನೋಡುತ್ತಿದ್ದರು. ವೈ.ಪಿ. ಎಂಬ ಬಗೆಯ ಇಂಜಿನ್ನಿನ ಬಾಯ್ಲರಿಗೆ ೨೧೦ ಪೌಂಡಿನ ಒತ್ತಡ. ಅದು ಚದರ ಸೆಂಟಿಮೀಟರಿಗೆ ೧೪.೮ ಕಿಲೋಗ್ರಾಂ ಆಗುತ್ತದೆಂದು ನಾವು ಹುಡುಗರು ಲೆಕ್ಕ ಹಾಕಿ ತೋರಿಸಿದಾಗ, "ಬಾಯ್ಲರಿಗೆ ಹೇಳಿದಿರೇನಪ್ಪ?" ಎಂದು ಕೇಳಿ ಸುಮ್ಮನಾದರು.

ಗೇಜಿನ ಕೋಣೆ ಇಡೀ ಕಾರ್ಖಾನೆಯ ಗದ್ದಲದ ನಡುವೆ ಬಾಗಿಲು ಹಾಕಿಕೊಂಡಿದ್ದ ಏಕೈಕ ಸ್ಥಳ. ಹೊರಗೆ ರಿವೆಟ್ಟು ಬಡಿಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಒಳಗೆ ಮಾತೇ ಇರಲಿಲ್ಲ. ಮಧ್ಯದ ಮೇಜಿನ ಮೇಲೆ ಪರೀಕ್ಷಾಯಂತ್ರ: ಎಣ್ಣೆ ತುಂಬಿದ ಒಂದು ಉರುಳೆ, ಅದರಲ್ಲಿ ಲಂಬವಾಗಿ ಕೂತ ಕೊಂತ, ಕೊಂತದ ತಲೆಯ ಮೇಲೆ ಒಂದರ ಮೇಲೊಂದು ಪೇರಿಸುವ ದುಂಡು ತೂಕಗಳು. ಪಕ್ಕದ ತಿರುಪನ್ನು ತಿರುಗಿಸಿ ಎಣ್ಣೆಯನ್ನು ಒತ್ತಿದಂತೆ ತೂಕಗಳು ಮೇಲೆದ್ದು ತೇಲುತ್ತವೆ. ತೇಲಿದಾಗ ಎಣ್ಣೆಯ ಒತ್ತಡವೆಷ್ಟೆಂಬುದು ತೂಕದಿಂದಲೂ ಕೊಂತದ ವಿಸ್ತೀರ್ಣದಿಂದಲೂ ನಿಶ್ಚಿತವಾಗುತ್ತದೆ. ಅದೇ ಎಣ್ಣೆಗೆ ಜೋಡಿಸಿದ ಗೇಜು ಅಷ್ಟನ್ನೇ ತೋರಿಸಬೇಕು. ಓದುವ ಮುನ್ನ ತೂಕಗಳನ್ನು ಬೆರಳಿನಿಂದ ಮೆಲ್ಲನೆ ಒಂದು ಸುತ್ತು ತಿರುಗಿಸಿ ಬಿಡುವುದು ಕ್ರಮ. ತಿರುಗುತ್ತಿರುವ ಕೊಂತ ಉರುಳೆಯ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಆಮೇಲೆ ಗೇಜಿನ ಗಾಜನ್ನು ಉಗುರಿನಿಂದ ತಟ್ಟಬೇಕು. ಮುಳ್ಳು ನೆಗೆದರೆ ಹಲ್ಲುಗಳಲ್ಲಿ ಕೊಳೆಯಿದೆಯೆಂದರ್ಥ.

ಇಷ್ಟನ್ನು ಎಲ್ಲರೂ ನೋಡಬಹುದಾಗಿತ್ತು. ಮುಂದಿನದು ಮಾತ್ರ ಅಂತಃಪುರದ ವಿಷಯ. ಮುಳ್ಳನ್ನು ಕಿತ್ತು ಮತ್ತೆ ಕೂರಿಸುವ ಹೊತ್ತಿಗೆ ಮೇಸ್ತ್ರಿಗಳು ತಪ್ಪದೆ ನಮಗೆ ಬೆನ್ನು ತಿರುಗಿಸುತ್ತಿದ್ದರು. ನಾವು ಕಿವಿಯಿಂದ ಕಲಿಯಬೇಕಾಯಿತು: ತಿರುಪಿನ ಕಿರುಗುಟ್ಟುವಿಕೆ, ತೂಕವಿಡುವ ಠಣತ್ಕಾರ, ಸ್ವಲ್ಪ ಮೌನ, ಕೊನೆಗೆ ಪುಟ್ಟ ಸುತ್ತಿಗೆಯ ಎರಡೇ ಪೆಟ್ಟು. ಮುಳ್ಳನ್ನು ಅವರು ಸೊನ್ನೆಯಲ್ಲಿ ಕೂರಿಸುತ್ತಿರಲಿಲ್ಲವೆಂಬುದು, ಆ ಪೆಟ್ಟಿಗೆ ಮೊದಲು ಎಷ್ಟು ತೂಕಗಳ ಸದ್ದಾಯಿತೆಂಬುದನ್ನು ಎಣಿಸಿದ ಮೇಲೆಯೇ ನನಗೆ ಹೊಳೆದದ್ದು. ಬಾಯ್ಲರು ಮೀರಬಾರದ ಒತ್ತಡಕ್ಕೆ ಗೇಜಿನ ಮುಖದ ಮೇಲೆ ಎಳೆದಿರುವ ಕೆಂಪು ಗೆರೆಯಷ್ಟು ಒತ್ತಡವನ್ನು ಯಂತ್ರದಲ್ಲಿ ಹಿಡಿದುಕೊಂಡು, ಆ ಒತ್ತಡದಡಿಯಲ್ಲೇ, ಮುಳ್ಳಿನ ತುದಿಯನ್ನು ಕೆಂಪು ಗೆರೆಗೆ ಸರಿಯಾಗಿ ಕೂರಿಸುತ್ತಿದ್ದರು. ಕೆಳಗಿನ ಅಂಕಿಗಳಲ್ಲಿ ನಾಲ್ಕಾರು ಪೌಂಡು ಹೆಚ್ಚುಕಡಮೆಯಾದರೆ ಆಗಲಿ. ಡ್ರೈವರಿನ ಪ್ರಾಣವೂ ಬಾಯ್ಲರಿನ ಪ್ರಾಣವೂ ಇರುವುದು ಕೆಂಪು ಗೆರೆಯ ಹತ್ತಿರ.

ಸೊನ್ನೆಯನ್ನು ನಂಬಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ಅನೇಕ ಗೇಜುಗಳಲ್ಲಿ ಸೊನ್ನೆಯ ಬಳಿ ಒಂದು ಗೂಟದಂಥ ಮೊಳೆಯಿರುತ್ತದೆ. ಮುಳ್ಳು ಅದಕ್ಕೆ ಒರಗಿ ನಿಲ್ಲುತ್ತದೆ. ಒಳಗೆ ಕೊಳವೆ ಇನ್ನೂ ಕೆಳಕ್ಕೆ ಎಳೆಯುತ್ತಿದ್ದರೂ ಮೊಳೆಯ ದೆಸೆಯಿಂದ ಮುಖದಲ್ಲಿ ಸೊನ್ನೆಯೇ ಕಾಣುತ್ತದೆ. ಅಂಥ ಗೇಜು ಒತ್ತಡ ಬಂದರೂ ಸ್ವಲ್ಪ ಹೊತ್ತು ಏನೂ ಆಗದವರಂತೆ ಕೂತಿರುತ್ತದೆ. ತಣ್ಣಗಿರುವಾಗ ಚೊಕ್ಕವಾಗಿ ಸೊನ್ನೆ ತೋರಿಸುವ ಗೇಜನ್ನು ಕಂಡರೆ ಮೇಸ್ತ್ರಿಗಳಿಗೆ ಯಾವಾಗಲೂ ಅನುಮಾನ.

ಒಮ್ಮೆ ಷೆಡ್ಡಿನಿಂದ ಒಬ್ಬ ಹಿರಿಯ ಡ್ರೈವರು ಅವರನ್ನು ಹುಡುಕಿಕೊಂಡು ಕೋಣೆಗೇ ಬಂದನು. ಏರಿನಲ್ಲಿ ಉಗಿ ಕಡಮೆ ಬಿದ್ದು ಗಾಡಿ ತಡವಾಗುತ್ತಿತ್ತೆಂದೂ, ಫುಟ್‌ಪ್ಲೇಟಿನ ಮೇಲೆ ಬಂದ ಇನ್ಸ್‌ಪೆಕ್ಟರು ಮುಳ್ಳನ್ನು ತೋರಿಸಿ ತೋರಿಸಿ ಬೈದನೆಂದೂ, ಗೇಜು ಕಡಮೆ ತೋರಿಸುತ್ತಿರಬೇಕೆಂದೂ ಅವನ ದೂರು. ಮೇಸ್ತ್ರಿಗಳು ಗೇಜನ್ನು ತರಿಸಿ, ಅವನೆದುರಿಗೇ ತೂಕವಿಟ್ಟು ತೋರಿಸಿದರು. ಕೆಂಪು ಗೆರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಡ್ರೈವರು ದನಿ ತಗ್ಗಿಸಿ, "ಒಂದು ಹತ್ತು ಪೌಂಡು ಮೇಲಕ್ಕೆ ತಳ್ಳಿಕೊಡಿ ಮೇಸ್ತ್ರಿಗಳೆ, ಮರ್ಯಾದೆ ಉಳಿಯತ್ತೆ" ಎಂದನು. ಅದಕ್ಕೆ ಅವರು, "ಮುಳ್ಳನ್ನ ಬೇಕಾದರೆ ತಿರುಗಿಸಿಕೊಡ್ತೀನಿ ಸ್ವಾಮಿ, ಉಗೀನ ಯಾರು ತಿರುಗಿಸಿಕೊಡ್ತಾರೆ? ಕಲ್ಲಿದ್ದಲು ನೋಡಿಸಿ" ಎಂದರು. ಕಲ್ಲಿದ್ದಲಿನಲ್ಲಿ ಅರ್ಧ ಮಣ್ಣೇ ಇತ್ತೆಂಬುದು ಇಡೀ ಷೆಡ್ಡಿಗೆ ತಿಳಿದ ವಿಷಯ, ಇನ್ಸ್‌ಪೆಕ್ಟರಿಗೂ ತಿಳಿದಿರಬೇಕು.

ಈ ಪ್ರಸಂಗವನ್ನು ನಾನು ಎಷ್ಟೋ ಮಂದಿಗೆ ಹೆಮ್ಮೆಯಿಂದ ಹೇಳಿದ್ದೇನೆ. ಅದೇ ಕೋಣೆಯ ಇನ್ನೊಂದು ಸಂಗತಿಯನ್ನು ಅಷ್ಟು ಸಲ ಹೇಳಿಲ್ಲ. ಅಲ್ಲಿ ತೂಕಗಳನ್ನು ಎತ್ತಿಡಲು, ಎಣ್ಣೆ ಸೋಸಲು, ಹತ್ತಿ ವೇಸ್ಟಿನಿಂದ ಎಲ್ಲವನ್ನೂ ಒರೆಸಲು ಒಬ್ಬ ಖಲಾಸಿಯಿದ್ದನು. ನಾನು ಸೇರುವುದಕ್ಕೆ ಬಹುಕಾಲ ಮೊದಲೇ ಅವನು ಆ ಕೋಣೆಗೆ ಬಂದವನು. ಅಂಕಿಗಳನ್ನು ಓದಲಾರದವನಾದರೂ, ತೂಕ ಎಷ್ಟು ಹೊತ್ತು ತಿರುಗಿ ನಿಂತಿತೆಂಬುದನ್ನು ನೋಡಿಯೇ ಎಣ್ಣೆಯಲ್ಲಿ ಕಸ ಸೇರಿದೆಯೆಂದು ಹೇಳಬಲ್ಲವನಾಗಿದ್ದನು. ಮೇಸ್ತ್ರಿಗಳು ರಜದ ಮೇಲಿದ್ದ ದಿನಗಳಲ್ಲಿ ಗೇಜಿನ ಗಾಜಿನ ಮೇಲೆ ಎಲ್ಲಿ ತಟ್ಟಬೇಕೆಂಬುದನ್ನು ನನಗೆ ಕಣ್ಸನ್ನೆಯಿಂದ ತೋರಿಸಿದವನು ಅವನೇ. ಅವನು ಗೇಜಿಗೆ ಕೈಹಚ್ಚುವುದನ್ನು ಮೇಸ್ತ್ರಿಗಳು ಕಂಡರೆ ಕೋಣೆಯ ಹೊರಗೆ ನಿಲ್ಲಿಸುತ್ತಿದ್ದರು. ಕಾರಣವೇನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವನು ಖಲಾಸಿಯಾಗಿಯೇ ನಿವೃತ್ತನಾದನು. ಮೇಸ್ತ್ರಿಗಳ ವಿದ್ಯೆಯನ್ನು ಕುರಿತು ನನಗಿರುವ ಗೌರವ ಇಂದಿಗೂ ಕುಂದಿಲ್ಲ. ಆದರೆ ಆ ವಿದ್ಯೆಗೆ ಹಾಕಿದ್ದ ಬೇಲಿಯನ್ನು ಈಗ ನೆನೆದರೆ, ಅದು ವಿದ್ಯೆಯ ರಕ್ಷಣೆಗಲ್ಲ, ತಮ್ಮ ಸ್ಥಾನದ ರಕ್ಷಣೆಗೆಂದೇ ಹೇಳಬೇಕಾಗುತ್ತದೆ. ಗೇಜು ಸರಿಮಾಡುವವರು ಇಬ್ಬರಾದರೆ ತಾವು ಅನಿವಾರ್ಯರಲ್ಲವೆಂಬ ಭಯ ಅವರನ್ನು ಕಾಡುತ್ತಿತ್ತು.

ಉಗಿಯ ಕಾಲವನ್ನು ನೆನೆದು ಕಣ್ಣೀರು ಹಾಕುವ ಬರಹಗಳನ್ನು ನಾನು ಬಹಳವಾಗಿ ಓದುತ್ತೇನೆ. ಅವುಗಳನ್ನು ಬರೆದವರು ಬಹುಮಟ್ಟಿಗೆ ಬೋಗಿಗಳಲ್ಲಿ ಕೂತು ಪ್ರಯಾಣ ಮಾಡಿದವರು. ಫೈರ್‌ಮನ್ನರ ಮೊಣಕೈಗಳ ಸುಟ್ಟ ಕಲೆಗಳನ್ನು ಕಂಡವರಿಗೆ, ಇನ್ನೂ ಆರದ ಹೊಗೆಪೆಟ್ಟಿಗೆಯೊಳಗೆ ತೆವಳಿಕೊಂಡು ಹೋಗಿ ಮಸಿ ಗೋರುತ್ತಿದ್ದವರನ್ನು ಬಲ್ಲವರಿಗೆ, ೧೯೭೨ರಲ್ಲಿ ನಮ್ಮ ದೇಶದಲ್ಲಿ ಉಗಿ ಇಂಜಿನ್ನುಗಳ ನಿರ್ಮಾಣವೇ ನಿಂತಿತೆಂಬ ವರ್ತಮಾನ ಬಂದಾಗ ಅಷ್ಟೇನೂ ದುಃಖವಾಗಲಿಲ್ಲ. ಅದಿರಲಿ.

ಹುಡುಗನ ಎದುರಿಗೆ ನಾನು ಆ ಪುಟ್ಟ ಗೇಜನ್ನು ಬಿಚ್ಚಿದೆನು. ಮುಕ್ಕಾಲು ಅಂಗುಲದ ಮುಖ. ಹದಿನಾರನೆಯ ಒಂದು ಪಾಲಿನ ಲೆಕ್ಕ ಹಿಡಿದರೆ ಆರಂಗುಲದ ಅಸಲಿ ಗೇಜು ಇಲ್ಲಿ ಅಂಗುಲದ ಎಂಟನೆಯ ಮೂರು ಪಾಲಿಗೆ ಇಳಿಯಬೇಕು. ಅಷ್ಟು ಸಣ್ಣ ಕೊಳವೆಯನ್ನು ಬಾಗಿಸಿ ನಂಬುವಂತೆ ಮಾಡುವುದು ದುಸ್ಸಾಧ್ಯವಾದ್ದರಿಂದ, ಎಲ್ಲ ಹವ್ಯಾಸಿಗಳೂ ಈ ಒಂದು ಅಂಗದಲ್ಲಿ ಪ್ರಮಾಣವನ್ನು ಬಿಟ್ಟುಕೊಡುತ್ತಾರೆ. ಇಂಜಿನ್ನನ್ನು ಎಷ್ಟು ಕಿರಿದು ಮಾಡಿದರೂ ಉಗಿಯ ಸ್ವಭಾವ ಕಿರಿದಾಗುವುದಿಲ್ಲ. ಇಲ್ಲಿಯ ೮೦ ಪೌಂಡು ಅಲ್ಲಿಯ ೮೦ ಪೌಂಡಿನಷ್ಟೇ ಬಲವುಳ್ಳದ್ದು. ಬಾಯ್ಲರಿನಿಂದ ಗೇಜಿಗೆ ಬರುವ ನಳಿಗೆಯನ್ನು ಮೇಸ್ತ್ರಿಗಳು ಕ್ರಮಬದ್ಧವಾಗಿ ಒಂದು ಸುತ್ತು ಸುತ್ತಿದ್ದರು. ಆ ಸುತ್ತಿನಲ್ಲಿ ನೀರು ನಿಲ್ಲುತ್ತದೆ. ಉಗಿ ನೀರನ್ನು ಒತ್ತುತ್ತದೆ, ನೀರು ಕೊಳವೆಯನ್ನು ಒತ್ತುತ್ತದೆ, ಬಿಸಿ ಉಗಿ ಒಳಹೊಕ್ಕು ಬೆಸುಗೆಯನ್ನು ಸಡಿಲಿಸಲು ಎಡೆಯಿರುವುದಿಲ್ಲ. ಮುಖದ ಕಾಗದದ ಮೇಲೆ ಸಮಾನ ಅಂತರದ ಗೆರೆಗಳು, ಕಪ್ಪುಶಾಯಿಯ ಕನ್ನಡ ಅಂಕಿಗಳು, ೮೦ರ ಬಳಿ ಕೆಂಪು.

ಆ ಕಾಗದವನ್ನು ಕೆಳಗಿನ ತಗಡಿನಿಂದ ಮೆಲ್ಲನೆ ಬಿಡಿಸಿದಾಗ ಅದರ ಬೆನ್ನಿನ ಮೇಲೆ ಪೆನ್ಸಿಲಿನ ಬರಹ ಕಂಡಿತು. ೨೦ಕ್ಕೆ ೧೪. ೪೦ಕ್ಕೆ ೩೬. ೬೦ಕ್ಕೆ ೫೮. ೮೦ಕ್ಕೆ ೮೦. ೧೦೦ಕ್ಕೆ ೧೦೨. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಕಾರ್ಖಾನೆಯ ಪರೀಕ್ಷಾಯಂತ್ರದ ಮೇಲಿಟ್ಟು ಬರೆದುಕೊಂಡದ್ದಿರಬೇಕು. ಎಂದಿನಂತೆ ಕೆಂಪು ಗೆರೆಯಲ್ಲಿ ಮುಳ್ಳನ್ನು ಕೂರಿಸಿದ್ದರು. ಕೆಳಗೆ ಹೋದಂತೆ ತಪ್ಪು ಬೆಳೆಯುತ್ತಿತ್ತು, ಏಳೆಂಟು ಪೌಂಡು ಏರುವವರೆಗೆ ಮುಳ್ಳು ಮೊಳೆಯನ್ನು ಬಿಟ್ಟು ಅಲುಗಲಾರದಿತ್ತು. ಇಷ್ಟು ತಿಳಿದಿದ್ದವರು ಮುಖದ ಗೆರೆಗಳನ್ನು ಆ ಲೆಕ್ಕಕ್ಕೆ ತಕ್ಕಂತೆ ಮತ್ತೆ ಬರೆಯಬಹುದಾಗಿತ್ತು. ಬರೆಯಲಿಲ್ಲ. ಎದುರಿಗೆ ಅಂದವಾದ ಸಮಾನ ಗೆರೆಗಳು, ಹಿಂದೆ ನಿಜವಾದ ಲೆಕ್ಕ.

ನಾನು ಅದನ್ನು ಎಷ್ಟೋ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆನು. ಕಾರ್ಖಾನೆಯಲ್ಲಿ ಪ್ರತಿ ಗೇಜಿನ ಚೀಟಿಯ ಮೇಲೂ ಅವರು ಬರೆಯುತ್ತಿದ್ದುದು ಒಂದೇ ಮಾತು, 'ಸರಿಯಿದೆ' ಎಂದು. ಕೆಳಗಿನ ಅಂಕಿಗಳ ತಪ್ಪನ್ನು ಅವರು ಗಮನಿಸುತ್ತಲೇ ಇರಲಿಲ್ಲವೆಂದು ನಾವು ಹುಡುಗರು ಮಾತನಾಡಿಕೊಳ್ಳುತ್ತಿದ್ದೆವು. ಗಮನಿಸುತ್ತಿದ್ದರು, ಬರೆದೂ ಇಡುತ್ತಿದ್ದರು. ತಮ್ಮ ಮಟ್ಟಿಗೆ ಅಷ್ಟು ಪ್ರಾಮಾಣಿಕರಾಗಿದ್ದವರು ಆ ಪ್ರಾಮಾಣಿಕತೆಯಲ್ಲಿ ಡ್ರೈವರುಗಳಿಗೆ ಪಾಲು ಕೊಡಲಿಲ್ಲವೆಂಬುದು ನನ್ನನ್ನು ಈಗಲೂ ಎರಡು ಮನಸ್ಸಿಗೆ ಈಡುಮಾಡುತ್ತದೆ. ಬೆಳಗಿನ ಜಾವ ಒಲೆ ಹೊತ್ತಿಸಿ ಉಗಿಯೇರಿಸುವ ಫೈರ್‌ಮನ್ನಿಗೆ ಕೆಳಗಿನ ಅಂಕಿಗಳೂ ಬೇಕಾಗುತ್ತವೆ.

ಹುಡುಗನಿಗೆ ಅಜ್ಜನ ಗೇಜನ್ನೇ ಉಳಿಸಿಕೊಳ್ಳುವ ಆಸೆ. "ಮುಳ್ಳು ಕಿತ್ತು ಸೊನ್ನೆಗೆ ಕೂರಿಸಿದರೆ ಆಗೋದಿಲ್ಲವೆ, ತಾತ?" ಎಂದನು. ಕೂರಿಸಬಹುದು, ಕೂತ ಹಾಗೆ ಕಾಣುತ್ತದೆ. ಆದರೆ ಒಮ್ಮೆ ಎಲ್ಲೆ ಮೀರಿದ ಕೊಳವೆ ಏರುವಾಗ ಒಂದು ಅಂಕಿ, ಇಳಿಯುವಾಗ ಇನ್ನೊಂದು ಅಂಕಿ ತೋರಿಸುತ್ತದೆ; ನಾಳೆ ಮೂರನೆಯದನ್ನು. ಹೊಸ ಕೊಳವೆಯ ಮೇಲೆ ಹಳೆಯ ಮುಖವನ್ನು ಅಂಟಿಸೋಣವೆಂದನು. ಒಂದು ಕೊಳವೆಗೆ ಬರೆದ ಗೆರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಕೊನೆಗೆ ಅವನು ಒಪ್ಪಿ, ಇಂಗ್ಲೆಂಡಿನಿಂದ ಹೊಸದೊಂದನ್ನು ಅಂಚೆಯಲ್ಲಿ ತರಿಸಿದನು.

ಹೊಸದೆಂದ ಮಾತ್ರಕ್ಕೆ ನಿರ್ದೋಷವಾಗಿರಬೇಕೆಂಬ ನಿಯಮವಿಲ್ಲ; ಇಷ್ಟು ಸಣ್ಣ ಗೇಜುಗಳಲ್ಲಂತೂ ದೋಷವೇ ಸಹಜ. ಪರಿಚಿತರೊಬ್ಬರ ಉಪಕರಣದ ಅಂಗಡಿಯಲ್ಲಿ ತೂಕದ ಯಂತ್ರಕ್ಕೆ ಜೋಡಿಸಿ ನೋಡಲಾಗಿ, ಸೊನ್ನೆಯಲ್ಲಿ ಸರಿಯಾಗಿದ್ದು ೮೦ಕ್ಕೆ ೭೬ ತೋರಿಸಿತು. ಹೆಚ್ಚು ತೋರಿಸುವ ಗೇಜಿನಿಂದ ಆಗುವುದು ಕಿರಿಕಿರಿ. ಕಡಮೆ ತೋರಿಸುವ ಗೇಜಿನಿಂದ ಆಗುವುದು ಅಪಾಯ. ಮುಳ್ಳನ್ನು ಕಿತ್ತೆನು. ೮೦ ಪೌಂಡನ್ನು ಯಂತ್ರದಲ್ಲಿ ಹಿಡಿದು, ಕೆಂಪು ಗೆರೆಯ ಮೇಲೆ ಮುಳ್ಳನ್ನಿಟ್ಟು, ಎರಡು ಪೆಟ್ಟು ಹಾಕಿದೆನು. ಹುಡುಗ ಎದುರಿಗೇ ಬಗ್ಗಿ ನೋಡುತ್ತಿದ್ದನು. ಒತ್ತಡವನ್ನು ಇಳಿಸಿದಾಗ ಮುಳ್ಳು ಸೊನ್ನೆಗೆ ಬಾರದೆ ೪ರಲ್ಲಿ ನಿಂತಿತು. "ತಣ್ಣಗಿರುವಾಗ ನಾಲ್ಕು ತೋರಿಸೋದೇ?" ಎಂದು ಅವನಿಗೆ ಅಸಮಾಧಾನ. ಎರಡೂ ಕಡೆ ಸರಿಬರಬೇಕಾದರೆ ಹಲ್ಲಿನ ಕಮಾನಿನ ಕಡ್ಡಿಯ ನೀಳವನ್ನೇ ಬದಲಿಸಬೇಕು; ದೊಡ್ಡ ಗೇಜಿನಲ್ಲಿ ಅದಕ್ಕೊಂದು ತಿರುಪಿರುತ್ತದೆ, ಇದರಲ್ಲಿ ಅದಿಲ್ಲ. ಹಾಗಾಗಿ ಹತ್ತು ಹತ್ತು ಪೌಂಡಿಗೆ ತೂಕವಿಟ್ಟು, ಗೇಜು ತೋರಿಸಿದ್ದನ್ನು ಅವನ ಕೈಯಲ್ಲೇ ಒಂದು ರಟ್ಟಿನ ಮೇಲೆ ಬರೆಯಿಸಿ, ಅದನ್ನು ಡ್ರೈವರು ಕೂರುವ ಗೂಡಿನ ಒಳಗೋಡೆಗೆ, ಕಣ್ಣಿಗೆ ಕಾಣುವಂತೆ, ಅಂಟಿಸಿದೆವು.

ಆ ಭಾನುವಾರ ಹಿತ್ತಿಲಿನಲ್ಲಿ ಇದ್ದಲು ಹಾಕಿ ಉಗಿಯೇರಿಸಿದಾಗ ಎರಡು ಸೇಫ್ಟಿ ವಾಲ್ವುಗಳೂ ಕೆಂಪು ಗೆರೆಯ ಬಳಿಯೇ ಬಾಯಿ ತೆರೆದುವು. ಮುಂದಿನ ನೀರಿನ ಪರೀಕ್ಷೆಗೆ ಗೇಜನ್ನು ಬಿಚ್ಚಿ ಆ ತೂತಿಗೆ ಹಾಕಲೆಂದು ಹಿತ್ತಾಳೆಯ ಒಂದು ಬಿರಡೆಯನ್ನು ಕಡೆದು, ಮರೆಯದಂತೆ ಹುರಿಯಲ್ಲಿ ಕಟ್ಟಿ ತೊಟ್ಟಿಯ ಪಕ್ಕಕ್ಕೆ ತೂಗುಹಾಕಿದ್ದೇನೆ. ಇಷ್ಟು ಚೆಂದದ ಇಂಜಿನ್ನಿಗೆ ಅದು ಒಪ್ಪುವುದಿಲ್ಲವೆಂದು ಹುಡುಗ ಗೊಣಗಿದನು. ಹುರಿಯ ಬದಲು ಹಿತ್ತಾಳೆಯ ಸರಪಳಿ ಹಾಕಿಸುತ್ತಾನಂತೆ.